ಜರ್ಮನಿಯಲ್ಲಿ ಓದು, ದಿನಾ ರೈಲಿನ ಓಡಾಟ: ಎರಡನ್ನೂ ನಿಭಾಯಿಸುವುದು ಹೇಗೆ?

"ಯೂನಿವರ್ಸಿಟಿ ಇರುವ ಊರಲ್ಲಿ ರೂಮ್ ಸಿಗಲಿಲ್ಲ. ಒಂದು ಗಂಟೆ ದೂರದ ಊರಲ್ಲಿ ಸಿಕ್ಕಿದೆ, ಬಾಡಿಗೆಯೂ ಕಡಿಮೆ. ತಗೊಳ್ಳಲಾ? ದಿನಾ ಓಡಾಡಿಕೊಂಡು ಓದೋಕೆ ಆಗುತ್ತಾ?" ಕರ್ನಾಟಕದಿಂದ ಜರ್ಮನಿಗೆ ಮಾಸ್ಟರ್ಸ್ ಮಾಡಲು ಹೊರಟವರು ನನಗೆ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಚಳಿಗಾಲದ ಸೆಮಿಸ್ಟರ್ ಹತ್ತಿರ ಬಂದಂತೆ ಇದೊಂದೇ ಪ್ರಶ್ನೆ ಬೇರೆ ಬೇರೆ ಊರಿನ ಹೆಸರಿನೊಂದಿಗೆ ಬರುತ್ತಲೇ ಇರುತ್ತದೆ. ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡುವ ಪ್ರಯತ್ನ ಇದು.

ಆಗುತ್ತದೆ, ಬಹಳ ಜನ ಮಾಡುತ್ತಿದ್ದಾರೆ. ಆದರೆ ಓಡಾಟವನ್ನೂ ಒಂದು ಸಬ್ಜೆಕ್ಟ್ ಅಂತಲೇ ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕೂ ಗಂಟೆಗಳು ಬೇಕು, ತಯಾರಿ ಬೇಕು. ಈ ಲೆಕ್ಕವನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಹಾಕಿದವರು ಆರಾಮಾಗಿರುತ್ತಾರೆ. ನವೆಂಬರ್‌ನಲ್ಲಿ ಹಾಕಲು ಕುಳಿತವರಿಗೆ ಕಷ್ಟವಾಗುತ್ತದೆ.

ಶುರು ಮಾಡುವ ಮೊದಲು ನಾಲ್ಕು ವಸ್ತು ಕೈಯಲ್ಲಿರಲಿ: ನಿಮ್ಮ ಕೋರ್ಸಿನ ಮಾಡ್ಯೂಲ್ ಹ್ಯಾಂಡ್‌ಬುಕ್ (ಪ್ರತಿ ವಿಷಯಕ್ಕೆ ಎಷ್ಟು ಕ್ರೆಡಿಟ್, ಪರೀಕ್ಷೆ ಹೇಗೆ ಎಂದು ಹೇಳುವ ದಾಖಲೆ), ಪರೀಕ್ಷಾ ನಿಯಮಾವಳಿ ಅಂದರೆ ಪ್ರ್ಯೂಫುಂಗ್ಸ್‌ಆರ್ಡ್‌ನುಂಗ್, ಈ ಸೆಮಿಸ್ಟರಿನ ವೇಳಾಪಟ್ಟಿ, ಮತ್ತು ಫೋನಿನಲ್ಲಿ ಡಿಬಿ ನ್ಯಾವಿಗೇಟರ್ ಆ್ಯಪ್ (ಜರ್ಮನಿಯ ರೈಲ್ವೆ ಕಂಪನಿ ಡಾಯ್ಚೆ ಬಾನ್‌ನದು).

1. ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು ಎಂದು ನೋಡಿ

ಬಾಡಿಗೆಯ ಜಾಹೀರಾತಿನಲ್ಲಿ "ಮ್ಯೂನಿಕ್‌ಗೆ 45 ನಿಮಿಷ" ಎಂದಿದ್ದರೆ ಅದು ಒಂದು ಸ್ಟೇಷನ್ನಿನಿಂದ ಇನ್ನೊಂದು ಸ್ಟೇಷನ್ನಿಗೆ ಹಿಡಿಯುವ ಸಮಯ. ನಿಮ್ಮ ತರಗತಿ ಸ್ಟೇಷನ್ನಿನಲ್ಲಿ ನಡೆಯುವುದಿಲ್ಲವಲ್ಲ! ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವನ್ನೇ ನೋಡಿ. ಅದರ ಕ್ಯಾಂಪಸ್‌ಗಳು ನಗರದ ಮಧ್ಯೆ ಇವೆ, ಗಾರ್ಶಿಂಗ್‌ನಲ್ಲಿವೆ, ಫ್ರೈಸಿಂಗ್‌ನಲ್ಲೂ ಇವೆ. ಆಗ್ಸ್‌ಬುರ್ಗ್‌ನಲ್ಲಿ ರೂಮ್ ಮಾಡಿದವರು ಮ್ಯೂನಿಕ್ ಮುಖ್ಯ ನಿಲ್ದಾಣಕ್ಕೆ ಬಂದರೆ ದಾರಿ ಮುಗಿಯಲಿಲ್ಲ. ಗಾರ್ಶಿಂಗ್‌ಗೆ ಹೋಗುವ ಯು6 ಮೆಟ್ರೊ ಮುಖ್ಯ ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ಮಾರಿಯೆನ್‌ಪ್ಲಾಟ್ಸ್‌ನಂಥ ಇನ್ನೊಂದು ನಿಲ್ದಾಣಕ್ಕೆ ಹೋಗಿ ಅಲ್ಲಿ ಹತ್ತಬೇಕು. ಎರಡೂ ಕಡೆಯ ನಡಿಗೆ, ಕಾಯುವ ಹೊತ್ತು ಎಲ್ಲ ಸೇರಿದರೆ ಒಂದೂಮುಕ್ಕಾಲು ಗಂಟೆ ದಾಟುತ್ತದೆ. ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ್ದೂ ಹೀಗೆಯೇ: ಒಂದು ಭಾಗ ನಗರದ ಮಧ್ಯೆ, ಎಂಜಿನಿಯರಿಂಗ್‌ನ ದೊಡ್ಡ ಭಾಗ ಫೈಹಿಂಗೆನ್‌ನಲ್ಲಿ. ಅದಕ್ಕೇ ಪ್ರತ್ಯೇಕವಾಗಿ ಯೂನಿವರ್ಸಿಟೇಟ್ ಎಂಬ ಎಸ್-ಬಾನ್ (ನಗರ ಮತ್ತು ಸುತ್ತಲಿನ ಊರುಗಳ ಲೋಕಲ್ ರೈಲು) ನಿಲ್ದಾಣವಿದೆ.

ಹಾಗಾಗಿ ಆ್ಯಪ್‌ನಲ್ಲಿ ಮನೆಯ ವಿಳಾಸದಿಂದ ತರಗತಿಯ ಕಟ್ಟಡದ ವಿಳಾಸಕ್ಕೆ ಹುಡುಕಿ. ಮಧ್ಯಾಹ್ನದ ಹೊತ್ತಿಗೆ ಹುಡುಕಿದರೆ ಸಾಲದು. ಸೋಮವಾರ ಬೆಳಗ್ಗೆ 8 ಗಂಟೆಗೆ ತಲುಪುವಂತೆ, ಶುಕ್ರವಾರ ರಾತ್ರಿ 9ಕ್ಕೆ ಹೊರಡುವಂತೆ, ಭಾನುವಾರ ಒಂದು ಸಲ ಹುಡುಕಿ. ಸಣ್ಣ ಊರುಗಳಲ್ಲಿ ಸಂಜೆಯ ನಂತರ ಬಸ್ಸು ಗಂಟೆಗೊಂದು ಇರಬಹುದು, ಇಲ್ಲದೆಯೂ ಇರಬಹುದು. ಸ್ಟೇಷನ್ನಿನಿಂದ ಮನೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ತಿಳಿಯದೆ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ.

ಈಗ ಲೆಕ್ಕ. ಜರ್ಮನಿಯಲ್ಲಿ ಓದಿನ ಹೊರೆಯನ್ನು ಇಸಿಟಿಎಸ್ ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ. ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಕೆಲಸ. ಇದರಲ್ಲಿ ತರಗತಿ, ಮನೆಯಲ್ಲಿ ಓದು, ಪರೀಕ್ಷೆಯ ತಯಾರಿ ಎಲ್ಲ ಸೇರಿವೆ. ಒಂದು ಸೆಮಿಸ್ಟರಿಗೆ ಸಾಮಾನ್ಯವಾಗಿ 30 ಕ್ರೆಡಿಟ್. ನೀವು ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ, ವಾರಕ್ಕೆ ಐದು ದಿನ ಓಡಾಡಿದರೆ ವಾರಕ್ಕೆ 15 ಗಂಟೆ. ತರಗತಿಗಳು ನಡೆಯುವ 14 ವಾರಕ್ಕೆ 210 ಗಂಟೆ. 30 ಗಂಟೆಗೊಂದು ಕ್ರೆಡಿಟ್ ಎಂದರೆ ಅದು 7 ಕ್ರೆಡಿಟ್‌ನಷ್ಟಾಯಿತು. ಒಂದು ಇಡೀ ವಿಷಯವನ್ನು ಹೆಚ್ಚಿಗೆ ತೆಗೆದುಕೊಂಡಷ್ಟು ಹೊರೆ! ಅದೇ ಓಡಾಟ ವಾರಕ್ಕೆ ಮೂರು ದಿನ ಆದರೆ 126 ಗಂಟೆ. ಎರಡು ದಿನ ಉಳಿಸಿದ್ದಕ್ಕೆ 84 ಗಂಟೆ ವಾಪಸ್ ಸಿಕ್ಕಿತು. ಮುಂದಿನ ಹಂತಗಳೆಲ್ಲ ಈ 84 ಗಂಟೆಯನ್ನು ಉಳಿಸಿಕೊಳ್ಳಲು ಎಂದುಕೊಳ್ಳಿ.

ನನ್ನ ಅಭಿಪ್ರಾಯ ಇಷ್ಟು: ಒಂದು ಕಡೆಗೆ ಒಂದು ಗಂಟೆಯೊಳಗೆ ಇದ್ದರೆ ಯೋಚನೆ ಬೇಡ. ಒಂದೂವರೆ ಗಂಟೆಯಾದರೆ ವಾರಕ್ಕೆ ಮೂರು ದಿನದ ವೇಳಾಪಟ್ಟಿ ಆಗುತ್ತದೆಯೇ ನೋಡಿ. ಎರಡು ಗಂಟೆಯಾದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಮೊದಲ ಸೆಮಿಸ್ಟರಿಗೆ ಬೇಡ. ಮೊದಲ ಸೆಮಿಸ್ಟರಿನಲ್ಲಿ ಭಾಷೆ ಹೊಸದು, ಪಾಠದ ರೀತಿ ಹೊಸದು, ಅಡುಗೆ, ಬಟ್ಟೆ ಎಲ್ಲ ನಿಮ್ಮದೇ. ಅದರ ಮೇಲೆ ದಿನಕ್ಕೆ ನಾಲ್ಕು ಗಂಟೆ ರೈಲು ಎಂದರೆ ಯಾರಿಗಾದರೂ ಸುಸ್ತಾಗುತ್ತದೆ.

2. ಟಿಕೆಟ್ ಸರಿ ಮಾಡಿಕೊಳ್ಳಿ

ಡಾಯ್ಚ್‌ಲಾಂಡ್‌ಟಿಕೆಟ್ ಎಂಬ ತಿಂಗಳ ಪಾಸ್ 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. 2025ರಲ್ಲಿ 58 ಯೂರೋ ಆಯಿತು, 2026ರ ಜನವರಿಯಿಂದ 63 ಯೂರೋ. ದೇಶದ ಎಲ್ಲ ಊರಿನ ಬಸ್ಸು, ಟ್ರಾಮ್, ಮೆಟ್ರೊ, ಎಸ್-ಬಾನ್ ಮತ್ತು ಪ್ರಾದೇಶಿಕ ರೈಲುಗಳಲ್ಲಿ (ಆರ್‌ಬಿ, ಆರ್‌ಇ ಎಂದು ಬರೆದಿರುತ್ತದೆ) ಎರಡನೇ ದರ್ಜೆಯಲ್ಲಿ ನಡೆಯುತ್ತದೆ. ಬಹಳಷ್ಟು ಯೂನಿವರ್ಸಿಟಿಗಳು 2024ರ ಬೇಸಿಗೆ ಸೆಮಿಸ್ಟರಿನಿಂದ ಇದನ್ನೇ ಶೇ 60ರ ದರದಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಕೊಡುತ್ತಿವೆ. ಆ ಹಣ ನೀವು ಕಟ್ಟುವ ಸೆಮಿಸ್ಟರ್ ಶುಲ್ಕದಲ್ಲೇ ಸೇರಿರುತ್ತದೆ. ಎಲ್ಲ ಕಡೆ ಈ ವ್ಯವಸ್ಥೆ ಇಲ್ಲ. ಖಾಸಗಿ ಕಾಲೇಜಿಗೆ ಸೇರುವವರು ಮೊದಲೇ ಕೇಳಿಕೊಳ್ಳಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ದರದ ಟಿಕೆಟ್ ಇದೆ, ಅದನ್ನು ನೀವೇ ಕೊಳ್ಳಬೇಕು.

ಇಲ್ಲಿ ಜನ ಎಡವುವ ಜಾಗಗಳು:

ಯೂನಿವರ್ಸಿಟಿ ಕೊಡುವ ಈ ಸೆಮಿಸ್ಟರ್ ಟಿಕೆಟ್ ಸೆಮಿಸ್ಟರಿನ ಮೊದಲ ದಿನದಿಂದಷ್ಟೇ ನಡೆಯುತ್ತದೆ. ಯೂನಿವರ್ಸಿಟಿಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು. ಸೆಪ್ಟೆಂಬರ್‌ನಲ್ಲೇ ಬಂದಿಳಿದರೆ ಆ ತಿಂಗಳಿಗೆ ಬೇರೆ ಟಿಕೆಟ್ ಬೇಕು. ಹಾಗೆ ಡಾಯ್ಚ್‌ಲಾಂಡ್‌ಟಿಕೆಟ್ ಕೊಂಡರೆ ಅದು ಪ್ರತಿ ತಿಂಗಳು ತಾನಾಗಿಯೇ ಮುಂದುವರಿಯುವ ಚಂದಾ ಎನ್ನುವುದು ನೆನಪಿರಲಿ. ತಿಂಗಳ ಕೊನೆಗೆ ನಿಲ್ಲಿಸಲು ಸಾಮಾನ್ಯವಾಗಿ ಅದೇ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು.

ಶುಲ್ಕ ಕಟ್ಟಿದ ಮಾತ್ರಕ್ಕೆ ಟಿಕೆಟ್ ಕೈಗೆ ಬರುವುದಿಲ್ಲ. ಹೆಚ್ಚಿನ ಕಡೆ ಆ್ಯಪ್‌ನಲ್ಲಿ ಯೂನಿವರ್ಸಿಟಿ ಲಾಗಿನ್ ಹಾಕಿ ಇಳಿಸಿಕೊಳ್ಳಬೇಕು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ. ಟಿಕೆಟ್ ನಿಮ್ಮ ಹೆಸರಿನಲ್ಲಿರುತ್ತದೆ, ಹಾಗಾಗಿ ಫೋಟೊ ಇರುವ ಗುರುತಿನ ಚೀಟಿ ಜೊತೆಗಿರಲಿ. ಫೋನ್ ಚಾರ್ಜ್ ಮುಗಿದರೆ ಟಿಕೆಟ್ ತೋರಿಸಲಾಗದು, ಒಂದು ಪವರ್ ಬ್ಯಾಂಕ್ ಚೀಲದಲ್ಲಿ ಇಟ್ಟೇ ಇಡಿ.

ಐಸಿಇ, ಐಸಿ, ಇಸಿ ಎಂಬ ದೂರದ ರೈಲುಗಳಲ್ಲಿ ಈ ಟಿಕೆಟ್ ನಡೆಯುವುದಿಲ್ಲ. ನಿಮ್ಮ ಪ್ರಾದೇಶಿಕ ರೈಲು ತಡವಾಗಿದೆ, ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ಐಸಿಇ ನಿಂತಿದೆ ಎಂದು ಹತ್ತಬೇಡಿ. ಆ್ಯಪ್‌ನಲ್ಲಿ ಪ್ರಾದೇಶಿಕ ರೈಲು ಮಾತ್ರ ತೋರಿಸುವ ಆಯ್ಕೆ ಇದೆ. ಅದನ್ನು ಒಂದು ಸಲ ಹಾಕಿಟ್ಟರೆ ಗೊಂದಲವಿಲ್ಲ.

ಸೈಕಲ್‌ಗೆ ಈ ಟಿಕೆಟ್ ಅನ್ವಯಿಸುವುದಿಲ್ಲ. ಮಡಚುವ ಸೈಕಲ್ ಆದರೆ ಮಡಚಿ ಲಗೇಜಿನಂತೆ ಒಯ್ಯಬಹುದು. ಸ್ಟೇಷನ್ ದೂರ ಇರುವವರು ಹಳೆಯ ಸೈಕಲ್ ಒಂದನ್ನು ಕೊಂಡು ಸ್ಟೇಷನ್ನಿನಲ್ಲೇ ಬೀಗ ಹಾಕಿ ಇಡುವುದು ಒಳ್ಳೆಯದು. ಅದಕ್ಕೆ ದೀಪ ಇರಲೇಬೇಕು, ಕಾನೂನು ಹಾಗಿದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ.

3. ವೇಳಾಪಟ್ಟಿಯನ್ನು ದಿನಗಳ ಲೆಕ್ಕದಲ್ಲಿ ಕಟ್ಟಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ನಮ್ಮ ಕಡೆ ಕಾಲೇಜು ಕೊಟ್ಟ ವೇಳಾಪಟ್ಟಿಗೆ ನಾವು ಹೊಂದಿಕೊಳ್ಳುತ್ತೇವೆ, ಅಟೆಂಡೆನ್ಸ್ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಭಯವೂ ಇರುತ್ತದೆ. ಜರ್ಮನಿಯಲ್ಲಿ, ವಿಶೇಷವಾಗಿ ಮಾಸ್ಟರ್ಸ್‌ನಲ್ಲಿ, ಬಹಳಷ್ಟು ವಿಷಯಗಳನ್ನು ನೀವೇ ಆರಿಸುತ್ತೀರಿ. ಯಾವ ತರಗತಿಗೆ ಹೋಗಲೇಬೇಕು, ಯಾವುದಕ್ಕೆ ಹೋಗದಿದ್ದರೂ ನಡೆಯುತ್ತದೆ ಎಂಬುದು ತರಗತಿಯ ಬಗೆಯ ಮೇಲೆ ನಿಂತಿದೆ.

ಫೋರ್‌ಲೇಸುಂಗ್ ಅಂದರೆ ಪ್ರೊಫೆಸರರ ಉಪನ್ಯಾಸ. ಸಾಮಾನ್ಯವಾಗಿ ಇಲ್ಲಿ ಹಾಜರಿ ಇಲ್ಲ. ಕೆಲವರು ರೆಕಾರ್ಡಿಂಗ್ ಹಾಕುತ್ತಾರೆ, ಕೆಲವರು ಸ್ಲೈಡ್ ಮಾತ್ರ.

ಊಬುಂಗ್ ಅಂದರೆ ಆ ಪಾಠದ ಮೇಲೆ ಲೆಕ್ಕ ಬಿಡಿಸುವ ತರಗತಿ. ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳ ರೀತಿ ತಿಳಿಯುವುದು ಇಲ್ಲೇ. ಹಾಜರಿ ಕಡ್ಡಾಯವಲ್ಲದಿದ್ದರೂ ಇದನ್ನು ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಕೆಲವು ವಿಷಯಗಳಲ್ಲಿ ವಾರವಾರದ ಊಬುಂಗ್ ಹಾಳೆಗಳಲ್ಲಿ ಇಂತಿಷ್ಟು ಅಂಕ ಬಂದರೆ ಮಾತ್ರ ಪರೀಕ್ಷೆಗೆ ಕೂರಬಹುದು. ಈ ನಿಯಮ ಮೊದಲ ತರಗತಿಯಲ್ಲೇ ಹೇಳಿರುತ್ತಾರೆ.

ಪ್ರಾಕ್ಟಿಕುಮ್ (ಲ್ಯಾಬ್) ಮತ್ತು ಸೆಮಿನಾರ್‌ಗಳಲ್ಲಿ ಹಾಜರಿ ಬಹಳ ಸಲ ಕಡ್ಡಾಯ. ಮಾಡ್ಯೂಲ್ ಹ್ಯಾಂಡ್‌ಬುಕ್ಕಿನಲ್ಲಿ ಆನ್‌ವೇಸೆನ್‌ಹೈಟ್ಸ್‌ಫ್ಲಿಷ್ಟ್ ಎಂಬ ಪದ ಕಂಡರೆ ಹಾಜರಿ ಬೇಕೇ ಬೇಕು ಎಂದರ್ಥ.

ಈಗ ಹೀಗೆ ಮಾಡಿ. ಒಂದು ಹಾಳೆಯಲ್ಲಿ ಐದು ದಿನದ ಪಟ್ಟಿ ಎಳೆಯಿರಿ. ಮೊದಲು ಹಾಜರಿ ಕಡ್ಡಾಯ ಇರುವ ಲ್ಯಾಬ್, ಸೆಮಿನಾರ್ ಬರೆಯಿರಿ. ಆಮೇಲೆ ಊಬುಂಗ್‌ಗಳು. ಒಂದೇ ಊಬುಂಗ್ ಬೇರೆ ಬೇರೆ ದಿನ, ಬೇರೆ ಬೇರೆ ಗುಂಪಿಗೆ ನಡೆಯುವುದುಂಟು. ಗುಂಪಿನ ನೋಂದಣಿ ತೆರೆದ ಕೂಡಲೇ ನಿಮ್ಮ ದಿನಕ್ಕೆ ಹೊಂದುವ ಗುಂಪು ಹಿಡಿಯಿರಿ, ತಡ ಮಾಡಿದರೆ ಉಳಿಯುವುದು ಶುಕ್ರವಾರ ಸಂಜೆಯ ಗುಂಪು. ಇವೆರಡೂ ಯಾವ ದಿನಗಳಲ್ಲಿ ಬಂದಿವೆಯೋ ಅವೇ ನಿಮ್ಮ ಕ್ಯಾಂಪಸ್ ದಿನಗಳು. ಕೊನೆಗೆ ಆ ದಿನಗಳಲ್ಲೇ ಬರುವ ಉಪನ್ಯಾಸಗಳನ್ನು ತುಂಬಿ. ಒಂದೇ ಒಂದು ಉಪನ್ಯಾಸಕ್ಕಾಗಿ ಇನ್ನೊಂದು ದಿನ ಮೂರು ಗಂಟೆ ರೈಲಿನಲ್ಲಿ ಕೂರುವ ಪರಿಸ್ಥಿತಿ ಬಂದರೆ, ಆ ವಿಷಯದ ರೆಕಾರ್ಡಿಂಗ್ ಇದೆಯೇ ನೋಡಿ, ಇಲ್ಲವಾದರೆ ಮುಂದಿನ ಸೆಮಿಸ್ಟರಿಗೆ ಇಡಿ. ಆದರೆ ಕೆಲವು ವಿಷಯಗಳನ್ನು ವರ್ಷಕ್ಕೊಮ್ಮೆ ಮಾತ್ರ ಹೇಳಿಕೊಡುತ್ತಾರೆ. ಮುಂದೂಡುವ ಮೊದಲು ಅದನ್ನು ನೋಡಿಕೊಳ್ಳಿ.

ಬ್ಲಾಕ್ ಕೋರ್ಸ್‌ಗಳು ಓಡಾಡುವವರಿಗೆ ವರ. ಇಡೀ ವಿಷಯವನ್ನು ಒಂದೆರಡು ವಾರದಲ್ಲೋ ಕೆಲವು ವಾರಾಂತ್ಯಗಳಲ್ಲೋ ಮುಗಿಸುತ್ತಾರೆ.

ವೇಳಾಪಟ್ಟಿಯಲ್ಲಿ ಸಮಯದ ಪಕ್ಕ ಸಿ.ಟಿ. ಎಂದಿದ್ದರೆ ತರಗತಿ ಹದಿನೈದು ನಿಮಿಷ ತಡವಾಗಿ ಶುರುವಾಗುತ್ತದೆ. 8 ಗಂಟೆ ಸಿ.ಟಿ. ಎಂದರೆ 8:15. ಎಸ್.ಟಿ. ಎಂದಿದ್ದರೆ ಬರೆದ ಸಮಯಕ್ಕೇ ಸರಿಯಾಗಿ. ಈ ಕಾಲು ಗಂಟೆಯಿಂದಾಗಿ ನೀವು ಒಂದು ರೈಲು ಬಿಟ್ಟು ಅದರ ನಂತರದ್ದನ್ನು ಹಿಡಿಯಬಹುದು, ಅಲ್ವಾ? ಪರೀಕ್ಷೆಯ ಪತ್ರಗಳಲ್ಲೂ ಇದನ್ನು ಗಮನಿಸಿ.

4. ಸರಿಯಾದ ರೈಲು ಆರಿಸಿ, ಪಕ್ಕದಲ್ಲೊಂದು ದಾರಿ ಇಟ್ಟುಕೊಳ್ಳಿ

ಜರ್ಮನಿಯ ರೈಲು ಗಡಿಯಾರದಂತೆ ಓಡುತ್ತದೆ ಎಂದು ನಂಬಿ ಬರಬೇಡಿ. ಡಾಯ್ಚೆ ಬಾನ್‌ನ ದೂರದ ರೈಲುಗಳಲ್ಲಿ 2024ರಲ್ಲಿ ಸಮಯಕ್ಕೆ ತಲುಪಿದ್ದು ಶೇ 62.5ರಷ್ಟು ಮಾತ್ರ. ಆರು ನಿಮಿಷದೊಳಗಿನ ವಿಳಂಬವನ್ನು ಅವರು ವಿಳಂಬ ಎಂದು ಎಣಿಸುವುದೇ ಇಲ್ಲ. ಪ್ರಾದೇಶಿಕ ರೈಲುಗಳು ಇದಕ್ಕಿಂತ ಎಷ್ಟೋ ವಾಸಿ. ಆದರೂ ತಡವಾದ ಐಸಿಇಗೆ ದಾರಿ ಬಿಡಲು ನಿಮ್ಮ ರೈಲನ್ನು ನಿಲ್ಲಿಸುವುದುಂಟು.

ರೈಲು ಬದಲಿಸಲು ನಾಲ್ಕೇ ನಿಮಿಷ ಇರುವ ಜೋಡಣೆಯನ್ನು ದಿನಾ ನಂಬಬೇಡಿ. ಆ್ಯಪ್‌ನಲ್ಲಿ ಬದಲಿಸುವ ಕನಿಷ್ಠ ಸಮಯವನ್ನು ನೀವೇ ಹಾಕಬಹುದು. ಹತ್ತು ನಿಮಿಷ ಹಾಕಿ. ಎರಡು ದಾರಿಗಳಿದ್ದರೆ, ಹತ್ತು ನಿಮಿಷ ನಿಧಾನವಾದರೂ ಬದಲಿಸದೆ ನೇರ ಹೋಗುವ ರೈಲೇ ಮೇಲು. ಕಡ್ಡಾಯ ಹಾಜರಿ ಇರುವ ದಿನ ಒಂದು ರೈಲು ಮೊದಲೇ ಹೊರಡಿ.

ಮಧ್ಯದಲ್ಲಿ ಎರಡಾಗುವ ರೈಲುಗಳ ಬಗ್ಗೆ ಎಚ್ಚರ. ಮ್ಯೂನಿಕ್‌ನ ಎಸ್1 ಇದಕ್ಕೆ ಒಳ್ಳೆಯ ಉದಾಹರಣೆ. ನಾಯ್‌ಫಾರ್ನ್ ಎಂಬಲ್ಲಿ ಅದು ಎರಡು ತುಂಡಾಗಿ, ಒಂದು ಫ್ರೈಸಿಂಗ್‌ಗೆ, ಇನ್ನೊಂದು ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಫ್ರೈಸಿಂಗ್‌ನಲ್ಲಿ ಓದುವವರು ತಪ್ಪು ಬೋಗಿಯಲ್ಲಿ ಕುಳಿತರೆ ವಿಮಾನ ನಿಲ್ದಾಣ ತಲುಪುತ್ತಾರೆ. ಬೋಗಿಯ ಮೇಲಿನ ಬೋರ್ಡು ಓದಿ ಹತ್ತಿ. ತ್ಸುಗ್‌ಟೈಲುಂಗ್ ಎಂದು ಕೇಳಿಸಿದರೆ ರೈಲು ಬೇರ್ಪಡಲಿದೆ ಎಂದು ತಿಳಿಯಿರಿ.

ಇನ್ನೂ ಕೆಲವು ಪದಗಳು ಕಿವಿಗೆ ಪರಿಚಯ ಇರಲಿ. ಫೆರ್‌ಶ್ಪೇಟುಂಗ್: ವಿಳಂಬ. ಫೆಲ್ಟ್ ಔಸ್: ರೈಲು ರದ್ದು. ಗ್ಲೈಸ್: ಪ್ಲಾಟ್‌ಫಾರ್ಮ್, ಕೊನೆಯ ಗಳಿಗೆಯಲ್ಲಿ ಇದು ಬದಲಾಗುತ್ತದೆ, ಜನ ಎಲ್ಲ ಎದ್ದು ನಡೆದರೆ ನೀವೂ ಬೋರ್ಡು ನೋಡಿ. ಹಾಲ್ಟ್ ಎಂಟ್‌ಫೆಲ್ಟ್: ಆ ನಿಲ್ದಾಣದಲ್ಲಿ ಇವತ್ತು ನಿಲ್ಲುವುದಿಲ್ಲ. ಎಸ್‌ಇವಿ: ರೈಲಿನ ಬದಲು ಬಸ್ಸು.

ಕೊನೆಯದು ದೊಡ್ಡ ಸಂಗತಿ. ಹಳಿಗಳ ದುರಸ್ತಿಗೆ ಇಡೀ ಮಾರ್ಗವನ್ನೇ ತಿಂಗಳುಗಟ್ಟಲೆ ಮುಚ್ಚುವ ಪದ್ಧತಿ ಈಗ ಬಂದಿದೆ. ಫ್ರಾಂಕ್‌ಫರ್ಟ್ ಮತ್ತು ಮಾನ್‌ಹೈಮ್ ನಡುವಿನ ರೀಡ್‌ಬಾನ್ ಮಾರ್ಗವನ್ನು 2024ರ ಜುಲೈಯಿಂದ ಡಿಸೆಂಬರ್‌ವರೆಗೆ ಮುಚ್ಚಿದ್ದರು, ಅಷ್ಟೂ ದಿನ ಬದಲಿ ಬಸ್ಸು. ಮನೆ ಹಿಡಿಯುವ ಮೊದಲು ನಿಮ್ಮ ಮಾರ್ಗದಲ್ಲಿ ಇಂಥದ್ದೇನಾದರೂ ಬರಲಿದೆಯೇ ಎಂದು ಹುಡುಕಿ ನೋಡಿ. ಇನ್ನೊಂದು, ರೈಲಿನ ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್‌ನ ಎರಡನೇ ಶನಿವಾರದ ಮರುದಿನ, ಭಾನುವಾರ, ಬದಲಾಗುತ್ತದೆ. ಅದು ಸೆಮಿಸ್ಟರಿನ ಮಧ್ಯ. ಸೋಮವಾರ ಬೆಳಗ್ಗೆ ಹಳೆಯ ಸಮಯಕ್ಕೆ ಹೋಗಿ ನಿಲ್ಲಬೇಡಿ.

ಮುಷ್ಕರಗಳೂ ಇರುತ್ತವೆ. 2024ರ ಆರಂಭದಲ್ಲಿ ರೈಲು ಚಾಲಕರದ್ದು ನಡೆಯಿತು, ಊರಿನ ಬಸ್ಸು, ಟ್ರಾಮ್ ನೌಕರರದ್ದೂ ನಡೆಯಿತು. ಮುಷ್ಕರದ ಸುದ್ದಿ ಸಾಮಾನ್ಯವಾಗಿ ಒಂದೆರಡು ದಿನ ಮೊದಲೇ ಬರುತ್ತದೆ. ಕ್ಯಾಂಪಸ್ ಹತ್ತಿರ ಇರುವ ಒಬ್ಬಿಬ್ಬರು ಸಹಪಾಠಿಗಳ ಪರಿಚಯ ಮೊದಲ ವಾರಗಳಲ್ಲೇ ಮಾಡಿಕೊಳ್ಳಿ. ಒಂದು ರಾತ್ರಿ ಉಳಿಯಲು ಜಾಗ, ತಪ್ಪಿದ ತರಗತಿಯ ನೋಟ್ಸ್ ಎರಡೂ ಅಲ್ಲಿಂದಲೇ ಸಿಗಬೇಕು.

5. ರೈಲಿನ ಸಮಯ ಪೂರ್ತಿ ಓದಿನ ಸಮಯ ಅಲ್ಲ

"ರೈಲಲ್ಲಿ ದಿನಾ ಮೂರು ಗಂಟೆ ಓದ್ತೀನಿ" ಎಂದು ಯೋಜನೆ ಹಾಕುವವರಿಗೆ ನನ್ನ ಮಾತು: ಅರ್ಧಕ್ಕೆ ಇಳಿಸಿ. ಒಂದೇ ರೈಲಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕುಳಿತರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಇಪ್ಪತ್ತು ನಿಮಿಷದ ಎರಡು ತುಂಡುಗಳಲ್ಲಿ ಏನೂ ಆಗುವುದಿಲ್ಲ, ಪುಸ್ತಕ ತೆರೆಯುವಷ್ಟರಲ್ಲಿ ಇಳಿಯಬೇಕು. ನೇರ ರೈಲು ಮೇಲು ಎಂದಿದ್ದು ಇದಕ್ಕೂ ಸೇರಿ.

ಬೆಳಗಿನ ಪ್ರಯಾಣದಲ್ಲಿ ಆಗುವ ಕೆಲಸ: ಹಿಂದಿನ ಪಾಠದ ಸ್ಲೈಡ್ ಮತ್ತೊಮ್ಮೆ ಓದುವುದು, ಜರ್ಮನ್ ಪದಗಳು, ಮೇಲ್‌ಗೆ ಉತ್ತರ, ದಿನದ ಪಟ್ಟಿ. ಆಗದ ಕೆಲಸ: ಹೊಸ ಲೆಕ್ಕ ಬಿಡಿಸುವುದು, ಕೋಡ್ ಬರೆಯುವುದು, ಲ್ಯಾಬ್ ವರದಿ. ಜನ ತುಂಬಿದ ಬೋಗಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಲು ಜಾಗವೇ ಇರುವುದಿಲ್ಲ. ದಾರಿಯಲ್ಲಿ ನೆಟ್‌ವರ್ಕ್ ಇಲ್ಲದ ತುಂಡುಗಳೂ ಬರುತ್ತವೆ. ಬೇಕಾದ್ದನ್ನೆಲ್ಲ ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಕೊಳ್ಳಿ.

ಸಂಜೆ ವಾಪಸ್ ಬರುವಾಗ ಓದಬೇಡಿ. ಸುಮ್ನೆ ಕುಳಿತಿರಿ, ಹಾಡು ಕೇಳಿ, ಕಣ್ಣು ಮುಚ್ಚಿ. ಮನೆಗೆ ಫೋನ್ ಮಾಡುವುದಾದರೆ ಬೆಳಗ್ಗೆ ಸ್ಟೇಷನ್ನಿಗೆ ನಡೆಯುವಾಗ ಮಾಡಿ. ಚಳಿಗಾಲದಲ್ಲಿ ಇಲ್ಲಿ 7:30 ಆದಾಗ ಊರಲ್ಲಿ ಮಧ್ಯಾಹ್ನ 12. ಸಂಜೆ 6ಕ್ಕೆ ಮಾಡಿದರೆ ಅಲ್ಲಿ ರಾತ್ರಿ ಹತ್ತೂವರೆ, ಅಪ್ಪ ಅಮ್ಮ ಮಲಗುವ ಹೊತ್ತು. ರೈಲಿನೊಳಗೆ ಜೋರಾಗಿ ಮಾತಾಡಿದರೆ ಇಲ್ಲಿನವರಿಗೆ ಹಿಡಿಸುವುದೂ ಇಲ್ಲ.

6. ಕ್ಯಾಂಪಸ್ ದಿನವನ್ನು ಪೂರ್ತಿ ಬಳಸಿ

ಕಷ್ಟದ ಕೆಲಸವನ್ನೆಲ್ಲ ಕ್ಯಾಂಪಸ್‌ನಲ್ಲೇ ಮುಗಿಸಿ ಹೊರಡಿ. ಎರಡು ತರಗತಿಗಳ ನಡುವೆ ಮೂರು ಗಂಟೆ ಬಿಡುವಿದ್ದರೆ ಅದೇ ನಿಮ್ಮ ಲೆಕ್ಕ ಬಿಡಿಸುವ ಸಮಯ. ಗ್ರಂಥಾಲಯಗಳು ರಾತ್ರಿಯವರೆಗೂ ತೆರೆದಿರುತ್ತವೆ. ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಕೆಐಟಿಯಲ್ಲಂತೂ ದಿನದ 24 ಗಂಟೆಯೂ. ಬಹಳಷ್ಟು ಗ್ರಂಥಾಲಯಗಳಲ್ಲಿ ಚೀಲ, ಜಾಕೆಟ್ ಹೊರಗಿನ ಲಾಕರಿನಲ್ಲಿ ಇಡಬೇಕು. ಕೆಲವಕ್ಕೆ ನಾಣ್ಯ ಬೇಕು, ಕೆಲವಕ್ಕೆ ನಿಮ್ಮದೇ ಬೀಗ.

ಊಟಕ್ಕೆ ಮೆನ್ಸಾ ಇದೆ, ವಿದ್ಯಾರ್ಥಿಗಳ ಕ್ಯಾಂಟೀನ್. ಮಧ್ಯಾಹ್ನದ ಊಟ ಎರಡು ಎರಡೂವರೆಗೆ ಮುಗಿದುಬಿಡುತ್ತದೆ. ಸಂಜೆಗೆ ಡಬ್ಬಿ ಒಯ್ಯಿರಿ. ಸಸ್ಯಾಹಾರಿಗಳಿಗೆ ಸ್ಟೇಷನ್ನಿನ ಬ್ರೆಡ್ಡು, ಚೀಸು ದಿನಾ ತಿಂದರೆ ಬೇಗ ಬೇಸರ ಬರುತ್ತದೆ, ಖರ್ಚೂ ಜಾಸ್ತಿ.

7. ಪಾರ್ಟ್ ಟೈಮ್ ಕೆಲಸವನ್ನು ಆಮೇಲೆ ಸೇರಿಸಿ

ನಮ್ಮ ವಿದ್ಯಾರ್ಥಿಗಳು 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಯೂನಿವರ್ಸಿಟಿಯೊಳಗಿನ ವಿದ್ಯಾರ್ಥಿ ಸಹಾಯಕ ಕೆಲಸ (ಹಿವಿ ಎನ್ನುತ್ತಾರೆ) ಈ ಮಿತಿಗೆ ಸೇರುವುದಿಲ್ಲ. ಕಂಪನಿಯ ವೆರ್ಕ್‌ಶ್ಟುಡೆಂಟ್ ಕೆಲಸ (ಓದುತ್ತಲೇ ಮಾಡುವ ಪಾರ್ಟ್ ಟೈಮ್ ಕೆಲಸ) ತರಗತಿಗಳು ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆಯವರೆಗೆ.

ಕೂಡಿ ನೋಡಿ: ಓದಿಗೆ 35 ಗಂಟೆ, ಓಡಾಟಕ್ಕೆ 15, ಕೆಲಸಕ್ಕೆ 20. ಒಟ್ಟು 70 ಗಂಟೆ. ಇದು ತಿಂಗಳುಗಟ್ಟಲೆ ನಡೆಯುವ ಮಾತಲ್ಲ. ದೂರದಿಂದ ಓಡಾಡುವವರಿಗೆ ಹಿವಿ ಕೆಲಸವೇ ಚೆನ್ನ. ಸಂಬಳ ಸ್ವಲ್ಪ ಕಡಿಮೆಯಾದರೂ ಕ್ಯಾಂಪಸ್ ದಿನದೊಳಗೇ ಮುಗಿಯುತ್ತದೆ, ಬೇರೆ ಪ್ರಯಾಣ ಇಲ್ಲ. ಮೊದಲ ಸೆಮಿಸ್ಟರ್ ಮುಗಿಯುವವರೆಗೆ ಕಾಯಲು ಹಣ ಸಾಲುವುದಾದರೆ ದಯವಿಟ್ಟು ಕಾಯಿರಿ.

8. ಪರೀಕ್ಷೆಯ ದಿನಗಳು

ಪರೀಕ್ಷೆಗೆ ನೀವೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ಇದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಕೊನೆಯ ದಿನ ಪರೀಕ್ಷೆಗೆ ವಾರಗಳ ಮೊದಲೇ ಮುಗಿಯುತ್ತದೆ. ತಪ್ಪಿದರೆ ಆ ಸಲ ಬರೆಯಲಾಗದು. ತಯಾರಿ ಆಗಿಲ್ಲ ಅನಿಸಿದರೆ ಹೆಸರು ಹಿಂತೆಗೆಯಲು ಕೂಡ ಒಂದು ಕೊನೆಯ ದಿನ ಇರುತ್ತದೆ. ಹಿಂತೆಗೆಯದೆ ಹೋಗದೇ ಇದ್ದರೆ ಫೇಲ್ ಎಂದು ಬರೆಯುತ್ತಾರೆ. ಒಂದು ವಿಷಯಕ್ಕೆ ಬಹಳ ಕಡೆ ಮೂರೇ ಅವಕಾಶ, ಹಾಗಾಗಿ ಒಂದನ್ನೂ ಸುಮ್ಮನೆ ಕಳೆಯಬೇಡಿ.

ರೈಲು ತಡವಾಯಿತು ಎಂಬ ಕಾರಣವನ್ನು ಪರೀಕ್ಷಾ ವಿಭಾಗ ಸುಲಭವಾಗಿ ಒಪ್ಪುವುದಿಲ್ಲ. ಸಮಯಕ್ಕೆ ಬರುವ ಹೊಣೆ ನಿಮ್ಮದೇ ಎನ್ನುತ್ತಾರೆ. ಬೆಳಗಿನ ಪರೀಕ್ಷೆಯಾದರೆ ಹಿಂದಿನ ರಾತ್ರಿ ಅದೇ ಊರಲ್ಲಿ ಉಳಿಯಿರಿ. ಅದಾಗದಿದ್ದರೆ ಎರಡು ರೈಲು ಮೊದಲೇ ಹೊರಡಿ. ಹಾಗೂ ತಡವಾದರೆ ದಾರಿಯಿಂದಲೇ ಮೇಲ್ ಕಳಿಸಿ, ರೈಲ್ವೆಯಿಂದ ವಿಳಂಬದ ಪ್ರಮಾಣಪತ್ರ ತೆಗೆದುಕೊಳ್ಳಿ, ಡಾಯ್ಚೆ ಬಾನ್ ಅದನ್ನು ಕೊಡುತ್ತದೆ. ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ ಆಟೆಸ್ಟ್ (ವೈದ್ಯರ ಪ್ರಮಾಣಪತ್ರ) ಪಡೆದು ತಡ ಮಾಡದೆ ಕಳಿಸಿ.

9. ಹತ್ತಿರ ಬರುವ ಪ್ರಯತ್ನ ಬಿಡಬೇಡಿ

ದೂರದ ಮನೆ ಸಿಕ್ಕಿತು ಎಂದು ಹುಡುಕುವುದನ್ನು ನಿಲ್ಲಿಸಬೇಡಿ. ಶ್ಟುಡೀರೆಂಡೆನ್‌ವೆರ್ಕ್ (ವಿದ್ಯಾರ್ಥಿಗಳ ವಸತಿ, ಊಟ ನೋಡಿಕೊಳ್ಳುವ ಸಂಸ್ಥೆ) ನಡೆಸುವ ಹಾಸ್ಟೆಲ್‌ಗಳ ಕಾಯುವ ಪಟ್ಟಿಯಲ್ಲಿ ಪ್ರವೇಶ ಖಚಿತವಾದ ದಿನವೇ ಹೆಸರು ಹಾಕಿ. ಆಗಾಗ ಲಾಗಿನ್ ಆಗಿ ಇನ್ನೂ ಬೇಕು ಎಂದು ಖಚಿತಪಡಿಸಲು ಕೇಳಿದರೆ ತಪ್ಪದೆ ಮಾಡಿ, ಇಲ್ಲವಾದರೆ ಹೆಸರು ತೆಗೆಯುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ತರಗತಿಗಳಿಲ್ಲದಾಗ ಊರಿಗೆ ಹೋಗುವವರು, ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋಗುವವರು ತಮ್ಮ ರೂಮನ್ನು ಕೆಲವು ತಿಂಗಳಿಗೆ ಬಿಟ್ಟುಕೊಡುತ್ತಾರೆ. ಇದಕ್ಕೆ ತ್ಸ್ವಿಶೆನ್‌ಮೀಟೆ ಎಂದು ಹೆಸರು. ಪರೀಕ್ಷೆಗಳ ಸಮಯಕ್ಕಾದರೂ ಇದು ಸಿಕ್ಕರೆ ದೊಡ್ಡ ಸಹಾಯ. ನೋಡದೆ, ಕೀ ಕೈಗೆ ಬಾರದೆ ಯಾರಿಗೂ ಮುಂಗಡ ಹಣ ಕಳಿಸಬೇಡಿ.

ಹಳೆಯ ಮನೆಯ ಕರಾರನ್ನು ಹೊಸ ಮನೆ ಒಪ್ಪಿಕೊಳ್ಳುವ ಮೊದಲು ಓದಿ. ಅವಧಿ ಬರೆಯದ ಕರಾರಾದರೆ ಸಾಮಾನ್ಯವಾಗಿ ಮೂರು ತಿಂಗಳು ಮೊದಲು ಲಿಖಿತವಾಗಿ ತಿಳಿಸಬೇಕು, ಅಲ್ಲಿಯವರೆಗೆ ಎರಡೂ ಕಡೆ ಬಾಡಿಗೆ ಬೀಳಬಹುದು. ಹೊಸ ಮನೆಗೆ ಹೋದ ಎರಡು ವಾರದೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು, ಕೀ ತೆಗೆದುಕೊಳ್ಳುವಾಗಲೇ ಕೇಳಿ ಇಟ್ಟುಕೊಳ್ಳಿ. ಬ್ಯಾಂಕು, ಆರೋಗ್ಯ ವಿಮೆ, ಯೂನಿವರ್ಸಿಟಿ ಮೂರಕ್ಕೂ ಹೊಸ ವಿಳಾಸ ಕೊಡಿ. ಮುಂದಿನ ಸೆಮಿಸ್ಟರಿನ ಶುಲ್ಕದ ಪತ್ರ ಹಳೆಯ ವಿಳಾಸಕ್ಕೆ ಹೋದರೂ ಕಟ್ಟುವ ಕೊನೆಯ ದಿನ ಬದಲಾಗುವುದಿಲ್ಲ.